ದೊಡ್ಡ ಕರುಳಿಗೆ ವಿಟಮಿನ್ ಬೇಕು ನಿಜ, ಡಬ್ಬಿಗಟ್ಲೆ ಬೇಕಾ?

ಹೋದ ಸಲ ಕರುಳಿನ ಪಾಲಿಪ್ (ಒಳಗೋಡೆ ಮೇಲೆ ಬೆಳೆಯೋ ಸಣ್ಣ ಗಂಟು) ಬಗ್ಗೆ ನಾಲ್ಕು ಮಾತು ಬರ್ದಿದ್ದೆ ನೋಡಿ, ಆಮೇಲೆ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯ: ಯಾವ ವಿಟಮಿನ್ ತಗೊಂಡ್ರೆ ಕರುಳಿನ ಕ್ಯಾನ್ಸರ್ ಬರಲ್ಲ ಡಾಕ್ಟ್ರೇ? ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಸಾಲಲ್ಲ, ಒಂದೇ ಥರ ಇರೋದನ್ನ ಸೇರ್ಸಿ ಕೆಲವನ್ನ ಆರಿಸ್ಕೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರಿ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 53 ವರ್ಷ. ಹೋದ ತಿಂಗಳು ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋದು) ಮಾಡಿ ಎರಡು ಪಾಲಿಪ್ ತೆಗೆದ್ರು, ಬಯಾಪ್ಸಿಲಿ ಅಡಿನೋಮ ಅಂತ ಬಂತು, ಕ್ಯಾನ್ಸರ್ ಅಲ್ಲ ಅಂದ್ರು. ಅದೇ ಟೈಮಲ್ಲಿ ರಕ್ತ ಪರೀಕ್ಷೆ ಮಾಡ್ಸಿದ್ರೆ ವಿಟಮಿನ್ ಡಿ ತುಂಬ ಕಮ್ಮಿ ಇದೆ. ಡಿ ಕಮ್ಮಿ ಆಗಿದ್ದಕ್ಕೇ ಪಾಲಿಪ್ ಬಂತಾ? ಈಗ ಡಿ ತುಂಬಿಸ್ಕೊಂಡ್ರೆ ಮತ್ತೆ ಬರದೇ ಇರತ್ತಾ?

ಉತ್ತರ: ಇದನ್ನ ಸ್ವಲ್ಪ ಕರುಳಿನ ಒಳಗೇ ಇಳಿದು ನೋಡೋಣ, ಯಾಕಂದ್ರೆ ಇದೊಂದು ಅರ್ಥ ಆಗ್ಬಿಟ್ರೆ ಕೆಳಗಿರೋ ಉತ್ತರ ಎಲ್ಲ ಸಲೀಸು. ದೊಡ್ಡ ಕರುಳಿನ ಒಳಗೋಡೆ ಕ್ಯಾಮೆರಾದಲ್ಲಿ ನೋಡಿದ್ರೆ ನುಣ್ಣಗೆ ಪಳಪಳ ಅಂತಿರತ್ತೆ, ಅದೇ ಗೋಡೆಯ ಚೂರನ್ನ ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಒತ್ತೊತ್ತಾಗಿ ತೋಡಿರೋ ಬಾವಿಗಳ ಥರ ಕಾಣತ್ತೆ, ಅಂಥ ಬಾವಿ ಲಕ್ಷಗಟ್ಲೆ ಇವೆ. ಒಂದೊಂದು ಬಾವಿಯ ತಳದಲ್ಲೂ ಒಂದಿಷ್ಟು ಸ್ಟೆಮ್ ಸೆಲ್ ಕೂತಿರತ್ವೆ. ಅವು ಒಂದು ಎರಡಾಗಿ ಒಡೆದು ಹೊಸ ಸೆಲ್ ಹುಟ್ಟತ್ತೆ, ಹುಟ್ಟಿದ್ದು ಬಾವಿ ಗೋಡೆ ಹಿಡ್ಕೊಂಡು ಮೇಲಕ್ಕೆ ಹೊರಡತ್ತೆ, ಏರ್ತಾ ಏರ್ತಾ ಒಡೆಯೋದನ್ನ ನಿಲ್ಸಿ ಕೆಲಸ ಕಲಿಯತ್ತೆ (ಒಂದಕ್ಕೆ ನೀರು ಹೀರೋ ಕೆಲಸ, ಇನ್ನೊಂದಕ್ಕೆ ಲೋಳೆ ಸುರಿಸೋ ಕೆಲಸ), ಬಾವಿ ಬಾಯಿಗೆ ಬರೋ ಹೊತ್ತಿಗೆ ನಾಲ್ಕೈದು ದಿನ, ಅಲ್ಲಿಂದ ಉದುರಿ ಮಲದ ಜೊತೆ ಹೊರಗೆ. ಅಂದ್ರೆ ಹೋದ ವಾರ ನಿಮ್ಮ ಕರುಳಿನ ಮೇಲ್ಪದರದಲ್ಲಿ ಇದ್ದ ಸೆಲ್ಲುಗಳು ಈ ವಾರ ಬಹುಪಾಲು ಇಲ್ಲ. ಇಷ್ಟೊಂದು ಸಲ ಡಿಎನ್ಎ ನಕಲು ಮಾಡ್ಬೇಕಾದ್ರೆ ಎಲ್ಲೋ ಒಂದು ಕಡೆ ಅಕ್ಷರ ತಪ್ಪೇ ತಪ್ಪತ್ತೆ.

ಸಾಮಾನ್ಯವಾಗಿ ಮೊದಲು ಕೆಡೋದು ಎಪಿಸಿ ಅನ್ನೋ ಜೀನು. ಅದು ಬ್ರೇಕ್ ಇದ್ದ ಹಾಗೆ. "ಒಡೀತಾ ಇರು, ಒಡೀತಾ ಇರು" ಅಂತ ಸೆಲ್ಲಿಗೆ ಹೇಳೋ ಬೀಟಾ-ಕ್ಯಾಟನಿನ್ ಅನ್ನೋ ಪ್ರೋಟೀನು ಒಂದಿದೆ, ಎಪಿಸಿ ಅದನ್ನ ಹಿಡಿದು ನಾಶಕ್ಕೆ ಒಪ್ಪಿಸತ್ತೆ. ಎಪಿಸಿ ಕೆಟ್ರೆ ಬೀಟಾ-ಕ್ಯಾಟನಿನ್ನಿಗೆ ಹೇಳೋರು ಕೇಳೋರು ಯಾರೂ ಇಲ್ಲ, ಮೇಲೇರೋ ಸೆಲ್ಲು ಕೆಲಸಾನೂ ಕಲಿಯಲ್ಲ ಉದುರೋದೂ ಇಲ್ಲ, ಅಲ್ಲೇ ರಾಶಿ ಬೀಳತ್ತೆ. ನಿಮ್ಮಿಂದ ತೆಗೆದ್ರಲ್ಲ ಅಡಿನೋಮ, ಅದು ಈ ರಾಶಿ. ಅಲ್ಲಿಂದ ಕ್ಯಾನ್ಸರ್ ಆಗ್ಬೇಕಾದ್ರೆ ಇನ್ನೂ ಮೂರ್ನಾಲ್ಕು ಜೀನ್ ಕೆಡ್ಬೇಕು, ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಹಿಡಿಯತ್ತೆ, ಬಹಳಷ್ಟು ಅಡಿನೋಮ ಅಲ್ಲೀವರೆಗೂ ಹೋಗೋದೇ ಇಲ್ಲ.

ಈಗ ವಿಟಮಿನ್ ಡಿ. ಇದು ಹೆಸರಿಗೆ ವಿಟಮಿನ್, ನಡತೆ ಎಲ್ಲ ಹಾರ್ಮೋನಿಂದು. ಕರುಳಿನ ಸೆಲ್ಲಿನಲ್ಲಿ ಇದಕ್ಕೆ ಅಂತಲೇ ಒಂದು ರಿಸೆಪ್ಟರ್ (ಇದನ್ನ ಹಿಡ್ಕೊಳ್ಳೋ ಪ್ರೋಟೀನು) ಇದೆ, ಅಷ್ಟೇ ಅಲ್ಲ, ರಕ್ತದಲ್ಲಿ ಬರೋ ಡಿ ಯನ್ನ ಪೂರ್ತಿ ಚುರುಕಾದ ರೂಪಕ್ಕೆ ಬದಲಾಯ್ಸೋ ಎನ್‌ಜೈಮೂ ಆ ಸೆಲ್ಲಿನಲ್ಲೇ ಇದೆ, ಕಿಡ್ನಿಗೇ ಕಾಯ್ಬೇಕಾಗಿಲ್ಲ. ಆ ಚುರುಕು ಡಿ ರಿಸೆಪ್ಟರ್ ಜೊತೆ ಸೇರಿ ಡಿಎನ್ಎ ಮೇಲೆ ಕೂತು ಏನ್ ಹೇಳತ್ತೆ ಅಂದ್ರೆ, ಒಡೆಯೋದು ಸಾಕು ನಿಧಾನ ಮಾಡು, ಕೆಲಸ ಕಲಿ, ಪಕ್ಕದ ಸೆಲ್ಲನ್ನ ಗಟ್ಟಿಯಾಗಿ ಹಿಡ್ಕೋ. ಆ ಹಿಡ್ಕೊಳ್ಳೋ ಪ್ರೋಟೀನಿನ ಹೆಸರು ಇ-ಕ್ಯಾಡ್ಹೆರಿನ್, ಅದು ಹೆಚ್ಚಾದಾಗ ಬೀಟಾ-ಕ್ಯಾಟನಿನ್ನನ್ನೂ ಸೆಲ್ಲಿನ ಅಂಚಿಗೆ ಎಳ್ಕೊಂಡು ಅಲ್ಲೇ ಕಟ್ಟಿಹಾಕತ್ತೆ. ಇನ್ನೊಂದು ಕೆಲಸ ನನಗೆ ತುಂಬ ಇಷ್ಟ. ಕೊಬ್ಬು ಕರಗ್ಸೋಕೆ ಬರೋ ಪಿತ್ತರಸದಲ್ಲಿ ಒಂದಿಷ್ಟು ದೊಡ್ಡ ಕರುಳಿಗೆ ಜಾರಿ, ಅಲ್ಲಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಲಿಥೋಕೋಲಿಕ್ ಆಸಿಡ್ ಅನ್ನೋ ವಿಷದ ಪದಾರ್ಥ ಆಗತ್ತೆ, ಅದನ್ನ "ಬಂತು ನೋಡು" ಅಂತ ಪತ್ತೆ ಹಚ್ಚಿ ಒಡೆಯೋ ಎನ್‌ಜೈಮ್ ತರಿಸೋದೂ ಇದೇ ವಿಟಮಿನ್ ಡಿ ರಿಸೆಪ್ಟರ್ ಅಂತ 2002ರಲ್ಲಿ ತೋರ್ಸಿದ್ರು. ಮೂಳೆಗೆ ಅಂತ ಅಂದ್ಕೊಂಡಿದ್ದ ವಿಟಮಿನ್ನು ಕರುಳಿನಲ್ಲಿ ಕಾವಲು ಕೂತಿರೋದು!

ಇಷ್ಟು ಓದಿದೋರು ಯಾರಾದ್ರೂ ಮಾತ್ರೆ ಅಂಗಡಿಗೆ ಓಡ್ತಾರೆ, ತಪ್ಪಲ್ಲ ಬಿಡಿ. ವಿಜ್ಞಾನಿಗಳೂ ಹಾಗೇ ಓಡಿದ್ರು. 1980ರಲ್ಲಿ ಸೆಡ್ರಿಕ್ ಗಾರ್ಲಂಡ್, ಫ್ರಾಂಕ್ ಗಾರ್ಲಂಡ್ ಅಂತ ಅಣ್ಣತಮ್ಮ ಇಬ್ರು ಅಮೆರಿಕದ ಮ್ಯಾಪ್ ನೋಡಿ ಬಿಸಿಲು ಕಮ್ಮಿ ಬೀಳೋ ಕಡೆ ಕರುಳಿನ ಕ್ಯಾನ್ಸರ್ ಸಾವು ಜಾಸ್ತಿ, ಇದಕ್ಕೆ ವಿಟಮಿನ್ ಡಿ ಕಾರಣ ಇರ್ಬೇಕು ಅಂತ ಬರೆದ್ರು. ಆಮೇಲೆ ರಕ್ತದಲ್ಲಿ ಡಿ ಅಳೆದು ನೋಡಿದಾಗಲೂ ಡಿ ಚೆನ್ನಾಗಿರೋರಿಗೆ ಈ ಕ್ಯಾನ್ಸರ್ ಕಮ್ಮಿ ಅಂತಲೇ ಬಂತು. ಆದ್ರೆ ಡಿ ಯಾರಿಗೆ ಚೆನ್ನಾಗಿರತ್ತೆ ಹೇಳಿ? ಹೊರಗೆ ಓಡಾಡೋರಿಗೆ, ಮೈ ತೂಕ ಹಿಡಿತದಲ್ಲಿ ಇರೋರಿಗೆ. ಅವೆರಡೂ ತಮ್ಮಷ್ಟಕ್ಕೇ ಕರುಳಿನ ಕ್ಯಾನ್ಸರ್ ಕಮ್ಮಿ ಮಾಡೋ ವಿಷ್ಯಗಳೇ, ಹಾಗಾಗಿ ಪುಣ್ಯ ಯಾರದ್ದು ಹೆಸರು ಯಾರಿಗೆ ಅಂತ ಬಿಡ್ಸೋಕೆ ಆಗಲ್ಲ.

ಅದಕ್ಕೇ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಹುಸಿ ಮಾತ್ರೆ ಕೊಟ್ಟು ನೋಡಿದ್ರು. 2006ರಲ್ಲಿ ಬಂದ ಫಲಿತಾಂಶ: ಮುಟ್ಟು ನಿಂತ 36,282 ಹೆಂಗಸರು, ದಿನಕ್ಕೆ 400 ಐಯು (ವಿಟಮಿನ್ ಅಳೆಯೋ ಯೂನಿಟ್ಟು) ಡಿ ಜೊತೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಏಳು ವರ್ಷ, ಕರುಳಿನ ಕ್ಯಾನ್ಸರಲ್ಲಿ ವ್ಯತ್ಯಾಸ ಇಲ್ಲ. ಡೋಸ್ ಕಮ್ಮಿ ಆಯ್ತು ಅಂದ್ರು ಕೆಲವರು. 2015ರಲ್ಲಿ ನಿಮ್ಮ ಹಾಗೇ ಅಡಿನೋಮ ತೆಗೆಸ್ಕೊಂಡಿದ್ದ 2259 ಜನರಿಗೆ 1000 ಐಯು ಡಿ, 1200 ಮಿಲಿಗ್ರಾಂ ಕ್ಯಾಲ್ಸಿಯಂ, ಕೆಲವರಿಗೆ ಎರಡೂ ಕೊಟ್ಟು ಮೂರೋ ಐದೋ ವರ್ಷ ಬಿಟ್ಟು ಮತ್ತೆ ಸ್ಕೋಪ್ ಹಾಕಿದ್ರು. ಹೊಸ ಅಡಿನೋಮ ಯಾವ ಗುಂಪಲ್ಲೂ ಕಮ್ಮಿ ಆಗಿರ್ಲಿಲ್ಲ. (1999ರ ಒಂದು ಪರೀಕ್ಷೇಲಿ ಕ್ಯಾಲ್ಸಿಯಂ ಒಂದೇ ಕೊಟ್ಟಾಗ ಸ್ವಲ್ಪ ಕಮ್ಮಿ ಆಗಿತ್ತು, ಅದು ಪಿತ್ತದ ಆಮ್ಲಗಳನ್ನ ಕಟ್ಟಿ ಸೋಪಿನ ಗಸಿ ಥರ ಮಾಡಿ ಸಾಗಿಸತ್ತೆ ಅನ್ನೋದು ವಿವರಣೆ, ಆದ್ರೆ ಈ ಸಲ ಆ ಫಲ ಮತ್ತೆ ಸಿಗ್ಲಿಲ್ಲ.) 2018ರಲ್ಲಿ ಇನ್ನೂ ದೊಡ್ಡದು, ವೈಟಲ್ ಅಂತ ಹೆಸರು, 25,871 ಜನ, ದಿನಕ್ಕೆ 2000 ಐಯು, ಐದು ವರ್ಷದ ಮೇಲೆ. ಕ್ಯಾನ್ಸರ್ ಬರೋದು ಕಮ್ಮಿ ಆಗ್ಲಿಲ್ಲ.

ಹಾಗಾದ್ರೆ ಲ್ಯಾಬಲ್ಲಿ ಕಂಡಿದ್ದು ಸುಳ್ಳಾ? ಸುಳ್ಳಲ್ಲ. ಆ ರಿಸೆಪ್ಟರ್ ಕೆಲಸಕ್ಕೆ ಬೇಕಾದಷ್ಟು ಡಿ ಇದ್ದೋರಿಗೆ ಮೇಲಿಂದ ಇನ್ನಷ್ಟು ಸುರಿದ್ರೆ ಅದು ಎರಡು ಪಟ್ಟು ಕೆಲಸ ಮಾಡಲ್ಲ, ಹೆಚ್ಚಾಗಿದ್ದನ್ನ ಒಡೆದು ಬಿಸಾಕೋ ಎನ್‌ಜೈಮೂ ಅದೇ ಸೆಲ್ಲಲ್ಲಿ ಇದೆ. ಜೊತೆಗೆ ಕ್ಯಾನ್ಸರಿಗೆ ಹತ್ತು ವರ್ಷ ಬೇಕು, ಪರೀಕ್ಷೆ ನಡೆದಿದ್ದು ಐದೋ ಏಳೋ. ನಿಮಗೆ ನೇರವಾಗಿ ಹೇಳ್ಬೇಕು ಅಂದ್ರೆ: ಡಿ ಕಮ್ಮಿ ಆಗಿದ್ದಕ್ಕೇ ನಿಮ್ಮ ಪಾಲಿಪ್ ಬಂತು ಅಂತ ಬೆರಳಿಟ್ಟು ತೋರ್ಸೋಕೆ ಆಗಲ್ಲ. ಕಮ್ಮಿ ಇರೋದನ್ನ ಭರ್ತಿ ಮಾಡ್ಕೊಳ್ಳಿ, ಮೂಳೆಗಂತೂ ಬೇಕೇ ಬೇಕು. ಭರ್ತಿ ಆದ್ಮೇಲೆ ಡಾಕ್ಟ್ರನ್ನ ಕೇಳದೆ ದಿನಕ್ಕೆ 4000 ಐಯು ದಾಟ್ಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಕಿಡ್ನಿ ತೊಂದ್ರೆ ಅಂತ ಬರೋರನ್ನ ನೋಡಿದೀನಿ. ಮುಂದಿನ ಕೊಲೊನೋಸ್ಕೋಪಿ ಯಾವಾಗ ಅಂತ ಬರ್ದು ಕೊಟ್ಟಿದ್ದಾರಲ್ಲ, ಆ ಚೀಟಿ ಮಾತ್ರೆ ಡಬ್ಬಿಗಿಂತ ಮುಖ್ಯ, ಕಳ್ಕೋಬೇಡಿ.

ಪ್ರಶ್ನೆ: ಮೇಡಂ, ನನಗೆ 34. ಅಮ್ಮನಿಗೆ 48ನೇ ವಯಸ್ಸಲ್ಲಿ ಕರುಳಿನ ಕ್ಯಾನ್ಸರ್ ಆಗಿತ್ತು, ಈಗ ಚೆನ್ನಾಗಿದ್ದಾರೆ. ಫೋಲಿಕ್ ಆಸಿಡ್ ಡಿಎನ್ಎ ಕಾಪಾಡತ್ತೆ ಅಂತ ಓದಿ ನಾನು ಒಂದು ವರ್ಷದಿಂದ ದಿನಾ 5 ಮಿಲಿಗ್ರಾಂ ಮಾತ್ರೆ ತಗೋತಿದೀನಿ. ಬಿ ವಿಟಮಿನ್ ತಾನೆ, ಹೆಚ್ಚಾದ್ರೆ ಮೂತ್ರದಲ್ಲಿ ಹೋಗತ್ತೆ ಅಂತಾರಲ್ಲ, ಏನೂ ತೊಂದ್ರೆ ಇಲ್ವಲ್ಲ?

ಉತ್ತರ: ಅಮ್ಮ ಹುಷಾರಾಗಿದ್ದಾರೆ ಅಂತ ಓದಿ ಖುಷಿ ಆಯ್ತಮ್ಮ. ಆದ್ರೆ ಆ 5 ಮಿಲಿಗ್ರಾಂ ನಿಮಗೆ ಯಾರೂ ಬರ್ದು ಕೊಟ್ಟಿಲ್ಲ ಅಂದ್ರೆ ಅದನ್ನ ಪಕ್ಕಕ್ಕಿಡಿ, ಯಾಕೆ ಅಂತ ಹೇಳ್ತೀನಿ. ನೀವು ಓದಿದ್ದು ಅರ್ಧ ನಿಜ. ಡಿಎನ್ಎ ಬರೆಯೋಕೆ ನಾಲ್ಕು ಅಕ್ಷರ ಬೇಕು, ಅದ್ರಲ್ಲಿ 'ಟಿ' ಅನ್ನೋ ಅಕ್ಷರಾನ ಸೆಲ್ಲು 'ಯು' ಅನ್ನೋ ಅಕ್ಷರದಿಂದ ತಿದ್ದಿ ಮಾಡತ್ತೆ, ತಿದ್ದೋಕೆ ಒಂದು ಕಾರ್ಬನ್ ತುಣುಕು ಅಂಟಿಸ್ಬೇಕು, ಆ ತುಣುಕು ತಂದು ಕೊಡೋದು ಫೋಲೇಟು (ಫೋಲಿಕ್ ಆಸಿಡ್ ಅಂದ್ರೆ ಇದರ ಮಾತ್ರೆ ರೂಪ). ಫೋಲೇಟ್ ಕಮ್ಮಿ ಆಯ್ತು ಅನ್ನಿ, 'ಟಿ' ಸಾಲಲ್ಲ, ನಕಲು ಮಾಡೋ ಯಂತ್ರ ಕೈಗೆ ಸಿಕ್ಕ 'ಯು' ವನ್ನೇ ಆ ಜಾಗಕ್ಕೆ ತುರುಕತ್ತೆ. ರಿಪೇರಿ ಮಾಡೋ ಎನ್‌ಜೈಮ್ ಬಂದು ಇದೇನಿದು ಅಂತ ಕತ್ತರಿಸಿ ತೆಗೆಯತ್ತೆ, ತೆಗೆದ ಜಾಗಕ್ಕೆ ಹಾಕೋಕೂ 'ಟಿ' ಇಲ್ಲ, ಮತ್ತೆ 'ಯು', ಮತ್ತೆ ಕತ್ತರಿ. ಹೀಗೆ ಎರಡು ಎಳೇಲೂ ಅಕ್ಕಪಕ್ಕ ಕತ್ತರಿ ಬಿದ್ರೆ ಡಿಎನ್ಎ ದಾರ ಲಟಕ್ ಅಂತ ತುಂಡಾಗತ್ತೆ. ಕರುಳಿನ ಬಾವಿ ತಳದಲ್ಲಿ ಹಗಲೂ ರಾತ್ರಿ ಒಡೀತಾ ಇರೋ ಸೆಲ್ಲುಗಳಿಗೆ ಇದು ದೊಡ್ಡ ಪೆಟ್ಟು. ಹಾಗಾಗಿ ಫೋಲೇಟ್ ಕೊರತೆ ಒಳ್ಳೇದಲ್ಲ, ಒಪ್ಪಿದೆ.

ಇನ್ನರ್ಧ ಏನು ಅಂದ್ರೆ, ಆಗಲೇ ದಾರಿ ತಪ್ಪಿರೋ ಸೆಲ್ಲಿಗೂ ಒಡೆಯೋಕೆ ಅದೇ ಫೋಲೇಟ್ ಬೇಕು, ಅದಕ್ಕೆ ಇನ್ನೂ ಜಾಸ್ತಿ ಬೇಕು. 1940ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟ್ರು ರಕ್ತದ ಕ್ಯಾನ್ಸರ್ ಆಗಿರೋ ಮಕ್ಕಳಿಗೆ ಫೋಲೇಟ್ ಥರದ್ದನ್ನ ಕೊಟ್ಟು ನೋಡಿದಾಗ ಕಾಯಿಲೆ ಇನ್ನೂ ಬಿರುಸಾದ ಹಾಗೆ ಕಂಡಿತ್ತು, ಆಗ ಅವರು ಉಲ್ಟಾ ಯೋಚಿಸಿ ಫೋಲೇಟಿಗೆ ಅಡ್ಡ ಹಾಕೋ ಅಮಿನೋಪ್ಟೆರಿನ್ ಕೊಟ್ರು, 1948ರಲ್ಲಿ ಕೆಲವು ಮಕ್ಕಳು ಸ್ವಲ್ಪ ಕಾಲಕ್ಕಾದ್ರೂ ಚೇತರಿಸ್ಕೊಂಡ್ರು ಅಂತ ಪ್ರಕಟಿಸಿದ್ರು. ಇವತ್ತಿನ ಕೀಮೋಥೆರಪಿ ಶುರುವಾಗಿದ್ದೇ ಇಂಥ ಕಡೆಯಿಂದ. ಕರುಳಿನ ವಿಷ್ಯಕ್ಕೆ ಬಂದ್ರೆ, 2007ರಲ್ಲಿ ಅಡಿನೋಮ ತೆಗೆಸ್ಕೊಂಡಿದ್ದ 1021 ಜನರ ಮೇಲೆ ದಿನಕ್ಕೆ 1 ಮಿಲಿಗ್ರಾಂ ಫೋಲಿಕ್ ಆಸಿಡಿನ ಪರೀಕ್ಷೆ ಮುಗೀತು. ಹೊಸ ಅಡಿನೋಮ ಕಮ್ಮಿ ಆಗ್ಲಿಲ್ಲ, ಬದಲಿಗೆ ಎರಡನೇ ಸುತ್ತಿನ ಸ್ಕೋಪಲ್ಲಿ ಮೂರು ಅಥವಾ ಜಾಸ್ತಿ ಅಡಿನೋಮ ಇರೋರು ಮಾತ್ರೆ ತಗೊಂಡ ಗುಂಪಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಇದ್ರು. ಕಣ್ಣಿಗೆ ಕಾಣದ ಪುಟ್ಟ ಅಡಿನೋಮ ಆಗಲೇ ಇದ್ರೆ ಅದಕ್ಕೆ ಗೊಬ್ಬರ ಹಾಕಿದ ಹಾಗಾಯ್ತೇನೋ ಅನ್ನೋ ಅನುಮಾನ. 2013ರಲ್ಲಿ ಸುಮಾರು 50,000 ಜನರ ಮೇಲೆ ನಡೆದ ಪರೀಕ್ಷೆಗಳನ್ನ ಒಟ್ಟು ಹಾಕಿ ನೋಡಿದಾಗ ಕ್ಯಾನ್ಸರ್ ಹೆಚ್ಚಾಗಿದ್ದೂ ಕಾಣ್ಲಿಲ್ಲ ಕಮ್ಮಿ ಆಗಿದ್ದೂ ಕಾಣ್ಲಿಲ್ಲ, ಹಾಗಾಗಿ ಒಂದು ವರ್ಷ ತಗೊಂಡ್ನಲ್ಲ ಅಂತ ನಿದ್ದೆ ಕೆಡಿಸ್ಕೋಬೇಡಿ. ಆದ್ರೆ ಕಮ್ಮಿ ಮಾಡಲ್ಲ ಅಂತ ಗೊತ್ತಿರೋದನ್ನ ಕಾಪಾಡತ್ತೆ ಅಂತ ನುಂಗೋದ್ಯಾಕೆ.

ಒಂದು ಮಾತು ತಪ್ಪಾಗಿ ತಿಳ್ಕೋಬೇಡಿ: ಮಗು ಬೇಕು ಅಂತ ಇರೋರು, ಬಸುರಿ ಇರೋರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತಗೊಳ್ಳಲೇಬೇಕು, ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚೋಕೆ. ಕೆಲವರಿಗೆ ಕಾರಣ ಇಟ್ಕೊಂಡು 5 ಮಿಲಿಗ್ರಾಮೇ ಬರೀತಾರೆ, ಅವರು ನನ್ನ ಮಾತು ಕೇಳಿ ನಿಲ್ಲಿಸೋ ಹಾಗಿಲ್ಲ.

ನಿಮ್ಮ ಮನೆಗೆ ನಿಜವಾಗ್ಲೂ ಬೇಕಾಗಿರೋದು ಬೇರೆ. ಅಪ್ಪ ಅಮ್ಮ ಒಡಹುಟ್ಟಿದೋರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಇಲ್ಲಾ 40ಕ್ಕೆ, ಎರಡರಲ್ಲಿ ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಶುರು ಮಾಡ್ಬೇಕು. ನಿಮಗದು 38. ಅಮ್ಮನಿಗೆ 50ಕ್ಕಿಂತ ಮುಂಚೆನೇ ಬಂದಿರೋದ್ರಿಂದ ಲಿಂಚ್ ಸಿಂಡ್ರೋಮ್ ಅನ್ನೋ ವಂಶದ ತೊಂದ್ರೆ ಇದ್ಯಾ ಅಂತ ಅವರ ಗಡ್ಡೆಯ ಟೆಸ್ಟ್ ಮಾಡಿದ್ರಾ ಕೇಳಿ, ಇದೆ ಅಂತ ಬಂದ್ರೆ ನೀವು 38ರವರೆಗೂ ಕಾಯೋ ಹಾಗಿಲ್ಲ, ಈಗಲೇ ಶುರು.

ಪ್ರಶ್ನೆ: ತಂದೆಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಕ್ಯಾಪೆಸಿಟಬೀನ್ ಅನ್ನೋ ಕೀಮೋ ಮಾತ್ರೆ ನಡೀತಿದೆ. ತುಂಬ ಸುಸ್ತು ಅಂತಾರೆ, ಶಕ್ತಿ ಬರ್ಲಿ ಅಂತ ನಾನೇ ಬಿ ಕಾಂಪ್ಲೆಕ್ಸ್, ಫೋಲಿಕ್ ಆಸಿಡ್ ಇರೋ ಟಾನಿಕ್ ತಂದು ಕೊಡ್ತಿದೀನಿ. ಎರಡು ವಾರದಿಂದ ಬಾಯಿ ಹುಣ್ಣು, ಭೇದಿ. ಬಿ ವಿಟಮಿನ್ ಇನ್ನೂ ಜಾಸ್ತಿ ಮಾಡ್ಲಾ?

ಉತ್ತರ: ಬೇಡ! ಟಾನಿಕ್ ಇವತ್ತೇ ನಿಲ್ಸಿ, ಇದನ್ನ ಓದಿ ಮುಗಿಸೋದಕ್ಕಿಂತ ಮುಂಚೆ ಅವರ ಕ್ಯಾನ್ಸರ್ ಡಾಕ್ಟ್ರಿಗೆ ಫೋನ್ ಮಾಡಿ ಬಾಯಿ ಹುಣ್ಣು, ಭೇದಿ, ಟಾನಿಕ್ ಮೂರೂ ಹೇಳಿ. ಮುಂದಿನ ಡೋಸ್ ಕೊಡ್ಬೇಕಾ ಬೇಡ್ವಾ ಅವರೇ ಹೇಳ್ಬೇಕು.

ಈಗ ಕಾರಣ. ಮೇಲೆ ಹೇಳಿದ್ನಲ್ಲ, 'ಯು' ವನ್ನ ತಿದ್ದಿ 'ಟಿ' ಮಾಡೋದು ಅಂತ, ಕ್ಯಾಪೆಸಿಟಬೀನ್ ಮೈಯೊಳಗೆ 5-ಫ್ಲೋರೋಯುರಾಸಿಲ್ ಆಗಿ ಆ ತಿದ್ದೋ ಎನ್‌ಜೈಮಿಗೇ ಅಂಟ್ಕೊಂಡು ಅದನ್ನ ನಿಲ್ಸತ್ತೆ. ಆ ಅಂಟು ಫೋಲೇಟ್ ಜೊತೇಲಿದ್ರೆ ಇನ್ನೂ ಬಿಗಿ. ಇದನ್ನ ತಿಳ್ಕೊಂಡೇ ಡ್ರಿಪ್ಪಲ್ಲಿ ಕೊಡೋ 5-ಫ್ಲೋರೋಯುರಾಸಿಲ್ ಜೊತೆ ಲ್ಯೂಕೋವೊರಿನ್ ಅನ್ನೋ ಫೋಲೇಟನ್ನ ಡಾಕ್ಟ್ರುಗಳೇ ಲೆಕ್ಕ ಹಾಕಿ ಸೇರಿಸ್ತಾರೆ. ಮನೇಲಿ ಲೆಕ್ಕ ಇಲ್ಲದೆ ಸೇರ್ಸಿದ್ರೆ ಔಷಧಿ ಕ್ಯಾನ್ಸರಿಗೆ ಮಾತ್ರ ಅಲ್ಲ, ಬಾಯಿ, ಕರುಳಿನ ಒಳ್ಳೆ ಸೆಲ್ಲುಗಳಿಗೂ ಜೋರಾಗಿ ಬಡಿಯತ್ತೆ. ನೀವು ಪ್ರೀತಿಯಿಂದಲೇ ಕೊಟ್ಟಿದೀರಿ, ಬೈಯೋಕೆ ಬಾಯಿ ಬರಲ್ಲ. ನನ್ನ ರೂಮಿಗೂ ಎಷ್ಟೋ ಜನ ಬಂದು ಕವರ್ ತಲೆಕೆಳಗು ಮಾಡಿದ್ರೆ ಟೇಬಲ್ ಮೇಲೆ ಏಳೆಂಟು ಡಬ್ಬಿ ಉರುಳತ್ವೆ, ಅವನ್ನ ಕೇಳೋವರೆಗೂ ಹೇಳಿರಲ್ಲ, "ಅದು ಔಷಧಿ ಅಲ್ವಲ್ಲ ಡಾಕ್ಟ್ರೇ, ಬರೀ ವಿಟಮಿನ್ನು" ಅಂತಾರೆ.

ಪ್ರಶ್ನೆ: ವಿಟಮಿನ್ ಸಿ ಡ್ರಿಪ್ ಹಾಕಿಸ್ಕೊಂಡ್ರೆ ಕರುಳಿನ ಕ್ಯಾನ್ಸರ್ ಸೆಲ್ ಸತ್ತೋಗತ್ತೆ ಅಂತ ವಿಡಿಯೋ ನೋಡ್ದೆ. ನಿಜಾನಾ? ಬರದೇ ಇರೋ ಹಾಗೆ ಮಾತ್ರೆಲೇ ಜಾಸ್ತಿ ತಗೋಬಹುದಾ?

ಉತ್ತರ: ವಿಡಿಯೋ ಮಾಡಿದೋರು 2015ರ ಒಂದು ಸಂಶೋಧನೆ ಹಿಡ್ಕೊಂಡಿದ್ದಾರೆ ಅನ್ಸತ್ತೆ, ಅದು ಒಳ್ಳೆ ಕೆಲಸವೇ. ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 40ರಲ್ಲಿ ಕೆರಾಸ್ ಅನ್ನೋ ಜೀನ್ ಕೆಟ್ಟಿರತ್ತೆ, ಅಂಥ ಸೆಲ್ಲುಗಳಿಗೆ ಸಕ್ಕರೆ ಹಸಿವು ಜಾಸ್ತಿ, ಸಕ್ಕರೆ ಒಳಗೆ ಬಿಡೋ ಬಾಗಿಲು ಜಾಸ್ತಿ ಇಟ್ಕೊಂಡಿರತ್ವೆ. ಆಕ್ಸಿಡೈಸ್ ಆದ ವಿಟಮಿನ್ ಸಿ ಅದೇ ಬಾಗಿಲಲ್ಲಿ ನುಗ್ಗಿ, ಒಳಗಿರೋ ರಕ್ಷಣೆ ಎಲ್ಲ ಖಾಲಿ ಮಾಡಿ, ಸಕ್ಕರೆಯಿಂದ ಶಕ್ತಿ ತೆಗೆಯೋ ದಾರಿನೇ ಕಟ್ಟಿಹಾಕಿ ಸಾಯ್ಸತ್ತೆ. ತಮಾಷೆ ನೋಡಿ, ಆಂಟಿಆಕ್ಸಿಡೆಂಟ್ ಅಂತ ಮಾರೋ ವಿಟಮಿನ್ನು ಇಲ್ಲಿ ಕೊಲ್ಲೋದು ಅದರ ಉಲ್ಟಾ ಗುಣದಿಂದ. ಆದ್ರೆ ಇದೆಲ್ಲ ಲ್ಯಾಬಿನ ತಟ್ಟೆಲಿ ಮತ್ತೆ ಇಲಿಗಳಲ್ಲಿ, ತುಂಬ ದೊಡ್ಡ ಡೋಸಲ್ಲಿ. ಬಾಯಿಂದ ತಗೊಂಡ್ರೆ ರಕ್ತದಲ್ಲಿ ಆ ಮಟ್ಟ ಮುಟ್ಟೋದೇ ಇಲ್ಲ, ಕರುಳು ಹೀರೋದಕ್ಕೆ ಮಿತಿ ಇದೆ, ಕಿಡ್ನಿ ಉಳಿದಿದ್ದನ್ನ ಹೊರಗೆ ಹಾಕತ್ತೆ. ಎರಡು ನೊಬೆಲ್ ಗೆದ್ದ ಲೈನಸ್ ಪಾಲಿಂಗ್ ಅಂಥೋರೇ ಸಿ ಪರವಾಗಿ ವಾದ ಮಾಡ್ತಿದ್ದ ಕಾಲದಲ್ಲಿ, ಮುಂದುವರಿದ ಕರುಳಿನ ಕ್ಯಾನ್ಸರ್ ಇರೋ 100 ಜನರಿಗೆ ಮೇಯೋ ಕ್ಲಿನಿಕ್ಕಿನೋರು ಬಾಯಿಂದ ದಿನಕ್ಕೆ 10 ಗ್ರಾಂ ಸಿ ಇಲ್ಲಾ ಹುಸಿ ಮಾತ್ರೆ ಕೊಟ್ಟು ನೋಡಿದ್ರು, 1985ರಲ್ಲಿ ಫಲಿತಾಂಶ ಬಂತು, ಲಾಭ ಇಲ್ಲ. ಡ್ರಿಪ್ಪಲ್ಲಿ ಕೀಮೋ ಜೊತೆ ಕೊಟ್ಟು ಚೀನಾದಲ್ಲಿ ನಡೆದ ದೊಡ್ಡ ಪರೀಕ್ಷೆ 2022ರಲ್ಲಿ ಪ್ರಕಟ ಆಯ್ತು, ಒಟ್ಟಾರೆ ಲೆಕ್ಕದಲ್ಲಿ ಕಾಯಿಲೆ ತಡೆದಿಲ್ಲ, ರಾಸ್ ಜೀನ್ (ಮೇಲೆ ಹೇಳಿದ ಕೆರಾಸ್ ಇದೇ ಕುಟುಂಬದ್ದು) ಕೆಟ್ಟಿರೋ ಗುಂಪಲ್ಲಿ ಮಾತ್ರ ಸ್ವಲ್ಪ ಒಳ್ಳೇದು ಕಾಣ್ತು, ಅದನ್ನ ಇನ್ನೊಂದು ಸಲ ಪರೀಕ್ಷೆ ಮಾಡಿ ಗಟ್ಟಿ ಮಾಡ್ಕೋಬೇಕು. ಕಿಡ್ನಿ ಕಲ್ಲು ಆಗೋರು, ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಒಂದು ಎನ್‌ಜೈಮ್) ಕೊರತೆ ಇರೋರು ಈ ಡ್ರಿಪ್ ಹತ್ರ ಹೋಗ್ಲೇಬೇಡಿ.

ಪ್ರಶ್ನೆ: ಎ, ಸಿ, ಇ ಮೂರೂ ಇರೋ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ದಿನಾ ತಗೋತೀನಿ, ಸಿಗರೇಟ್ ಅಭ್ಯಾಸ ಇದೆ, ಬ್ಯಾಲೆನ್ಸ್ ಆಗ್ಲಿ ಅಂತ.

ಉತ್ತರ: ಆಗಲ್ಲ, ಇನ್ನೂ ವಾಲತ್ತೆ. ಫಿನ್‌ಲ್ಯಾಂಡಿನಲ್ಲಿ 29,133 ಸಿಗರೇಟ್ ಸೇದೋ ಗಂಡಸರ ಮೇಲೆ ಪರೀಕ್ಷೆ ಮಾಡಿ 1994ರಲ್ಲಿ ನೋಡಿದ್ರೆ, ಬೀಟಾ ಕ್ಯಾರೊಟಿನ್ (ಮೈಯೊಳಗೆ ವಿಟಮಿನ್ ಎ ಆಗೋ ಪದಾರ್ಥ) ತಗೊಂಡೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪರ್ಸೆಂಟ್ ಜಾಸ್ತಿ ಆಗಿತ್ತು. ಅದೇ ವರ್ಷ ಕರುಳಿನ ಅಡಿನೋಮ ಆಗಿದ್ದ 864 ಜನರಲ್ಲಿ ಬೀಟಾ ಕ್ಯಾರೊಟಿನ್, ಸಿ, ಇ ಕೊಟ್ಟ ಪರೀಕ್ಷೆಲೂ ಹೊಸ ಅಡಿನೋಮ ಕಮ್ಮಿ ಆಗ್ಲಿಲ್ಲ. ಸಿಗರೇಟ್ ಕರುಳಿನ ಪಾಲಿಪನ್ನೂ ಹೆಚ್ಚಿಸತ್ತೆ ಸ್ವಾಮಿ. ಡಬ್ಬಿ ಬಿಡಿ, ಪ್ಯಾಕೂ ಬಿಡಿ.

ಪ್ರಶ್ನೆ: ಕೊಲೊನೋಸ್ಕೋಪಿ ತಪ್ಪಿಸ್ಕೊಳ್ಳೋಕೆ ಯಾವ ವಿಟಮಿನ್ ಒಳ್ಳೇದು?

ಉತ್ತರ: ಅಂಥ ವಿಟಮಿನ್ ಇದ್ದಿದ್ರೆ ಮೊದಲು ನಾನೇ ತಗೋತಿದ್ದೆ, ಕರುಳು ಖಾಲಿ ಆಗ್ಲಿ ಅಂತ ಹಿಂದಿನ ರಾತ್ರಿ ಆ ಔಷಧಿ ನೀರು ಕುಡಿಯೋ ಕಷ್ಟ ನನಗೂ ಗೊತ್ತು.

ಪ್ರಶ್ನೆ: ನನಗೆ 57. ಆಗಾಗ ಮಲದ ಜೊತೆ ಸ್ವಲ್ಪ ರಕ್ತ ಕಾಣತ್ತೆ. ಮಲದಲ್ಲಿ ರಕ್ತ ಹುಡುಕೋ ಟೆಸ್ಟ್ ಮಾಡ್ಸಿದೆ, ನೆಗೆಟಿವ್ ಬಂತು, ಸಮಾಧಾನ ಆಯ್ತು. ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ತಗೋತೀನಿ, ಅದರಿಂದ ಕರುಳು ಚೆನ್ನಾಗಿದೆ ಅಂತ ಅರ್ಥ ತಾನೆ?

ಉತ್ತರ: ಉಲ್ಟಾ ಆಗಿರ್ಬಹುದು, ಗಮನ ಇಟ್ಟು ಓದಿ. ಆ ಟೆಸ್ಟಲ್ಲಿ ಎರಡು ಥರ ಇದೆ. ಹಳೇದರಲ್ಲಿ ಗ್ವಾಯಕ್ ಅನ್ನೋ ಮರದ ಅಂಟು ಸವರಿದ ಕಾಗದದ ಮೇಲೆ ಮಲದ ಚೂರು ಹಚ್ಚಿ ಪೆರಾಕ್ಸೈಡ್ ಹನಿ ಹಾಕ್ತಾರೆ, ರಕ್ತ ಇದ್ರೆ ಕಾಗದ ನೀಲಿ ಆಗತ್ತೆ. ವಿಟಮಿನ್ ಸಿ ಆ ನೀಲಿ ಬಣ್ಣ ಬರೋದನ್ನೇ ತಡೆಯತ್ತೆ, ರಕ್ತ ಇದ್ರೂ ಕಾಗದ ಸುಮ್ನೆ ಇರತ್ತೆ, ರಿಪೋರ್ಟ್ ನೆಗೆಟಿವ್. ಅದಕ್ಕೇ ದಿನಕ್ಕೆ 250 ಮಿಲಿಗ್ರಾಂಗಿಂತ ಜಾಸ್ತಿ ಸಿ ತಗೊಳ್ಳೋರು ಮೂರು ದಿನ ಮುಂಚೆ ನಿಲ್ಲಿಸ್ಬೇಕು ಅಂತ ಇದೆ, ಯಾರೂ ಕೇಳಿರಲ್ಲ, ನೀವೂ ಹೇಳಿರಲ್ಲ. ಹೊಸದಾದ ಫಿಟ್ ಅನ್ನೋ ಟೆಸ್ಟಿಗೆ ಈ ತೊಂದ್ರೆ ಇಲ್ಲ. ಆದ್ರೆ ನಿಮಗೆ ಯಾವ ಟೆಸ್ಟ್ ಮಾಡಿದ್ರು ಅಂತ ಹುಡುಕ್ತಾ ಕೂರ್ಬೇಡಿ. ಕಣ್ಣಿಗೆ ಕಾಣದ ರಕ್ತ ಹುಡುಕೋ ಟೆಸ್ಟ್ ಅದು, ನಿಮಗೆ ಕಣ್ಣಿಗೇ ಕಾಣ್ತಿದೆ. ಪೈಲ್ಸ್ ಇರ್ಬಹುದು, ಬಹಳಷ್ಟು ಸಲ ಅದೇ ಆಗಿರತ್ತೆ, ಆದ್ರೆ 57ಕ್ಕೆ ಅದನ್ನ ಅಂದಾಜಲ್ಲಿ ಹೇಳೋ ಹಾಗಿಲ್ಲ. ಈ ವಾರನೇ ಕೊಲೊನೋಸ್ಕೋಪಿಗೆ ಡೇಟ್ ತಗೊಳ್ಳಿ, ಐರನ್ ಮಾತ್ರೆ ಏನಾದ್ರೂ ತಗೋತಿದ್ರೆ ಅದನ್ನೂ ಹೇಳಿ, ಕರುಳು ಕಪ್ಪಾಗಿ ಕಾಣತ್ತೆ ಅಂತ ಒಂದು ವಾರ ಮುಂಚೆ ಅದನ್ನ ನಿಲ್ಲಿಸಕ್ಕೆ ಹೇಳ್ತಾರೆ. ಹೋಗುವಾಗ ಆ ನೆಗೆಟಿವ್ ರಿಪೋರ್ಟ್ ಜೊತೆಗೆ ವಿಟಮಿನ್ ಡಬ್ಬೀನೂ ತಗೊಂಡು ಹೋಗಿ ತೋರ್ಸಿ.